ಮೊದಲ ಆಲ್ಬಂ ಕಟ್ಟುವ ಬಗೆ: ಆಲ್ಟರ್ನೇಟಿವ್ ಪಾಪ್ ಕಲಾವಿದರಿಗೊಂದು ಕೈಪಿಡಿ

ಮೊದಲ ಆಲ್ಬಂಗೆ ಕೈಹಾಕಿದವರು ಸಲಹೆ ಕೇಳಲು ಬಂದಾಗ ಎತ್ತುವ ಮೊದಲ ಪ್ರಶ್ನೆ ಬಹುಪಾಲು ಮೈಕಿಗೆ ಸಂಬಂಧಿಸಿದ್ದೇ ಆಗಿರುತ್ತದೆ. ಹಾಡುಗಳು ಎಷ್ಟರಮಟ್ಟಿಗೆ ಪಕ್ವವಾಗಿವೆ, ಅವುಗಳಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಪಾಲಿದೆ, ಯಾವ ಹೆಸರಿನಲ್ಲಿ ಅವು ಹೊರಬರಲಿವೆ ಎಂಬ ಪ್ರಶ್ನೆಗಳು ಬಹಳ ತಡವಾಗಿ, ಕೆಲವೊಮ್ಮೆ ಬಿಡುಗಡೆಗೆ ಒಂದು ವಾರ ಉಳಿದಿರುವಾಗ ಬರುತ್ತವೆ. ಮೈಕನ್ನು ನಾಳೆ ಬದಲಿಸಬಹುದು, ಮಿಕ್ಸನ್ನು (ದನಿ ಮತ್ತು ವಾದ್ಯಗಳ ಬೆರಕೆಯನ್ನು) ಮುಂದಿನ ವಾರ ತಿದ್ದಬಹುದು. ಆದರೆ ಅರೆಬೆಂದ ಸಾಹಿತ್ಯ ಜನರ ಕಿವಿಗೆ ಬಿದ್ದ ಮೇಲೆ, ಪಾಲಿನ ಮಾತು ಜಗಳವಾಗಿ ಬೆಳೆದ ಮೇಲೆ, ನೂರಾರು ವಿನೈಲ್ ತಟ್ಟೆಗಳು ತಪ್ಪು ಹೆಸರಿನೊಡನೆ ಅಚ್ಚಾದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಆದ್ದರಿಂದ ಈ ಬರಹದ ಉದ್ದಕ್ಕೂ ನಾನು ಒಂದೇ ಅಳತೆಗೋಲನ್ನು ಹಿಡಿದಿದ್ದೇನೆ: ಆಮೇಲೆ ತಿದ್ದಲು ಬಾರದ ಕೆಲಸಕ್ಕೆ ಹೆಚ್ಚು ಸಮಯ, ತಿದ್ದಲು ಬರುವ ಕೆಲಸಕ್ಕೆ ಕಡಿಮೆ ಸಮಯ.

ಹಾಡುಗಳ ಆಯ್ಕೆ

ಆಲ್ಟರ್ನೇಟಿವ್ ಪಾಪ್ ಎಂಬ ಹಣೆಪಟ್ಟಿಗೆ ಕಟ್ಟುನಿಟ್ಟಾದ ವ್ಯಾಖ್ಯೆಯಿಲ್ಲ. ಪಲ್ಲವಿ, ಚರಣ, ಒಮ್ಮೆ ಕೇಳಿದರೆ ನಾಲಿಗೆಗೆ ಅಂಟಿಕೊಳ್ಳುವ ಸಾಲು ಇವೆಲ್ಲ ಜನಪ್ರಿಯ ಸಂಗೀತದಿಂದಲೇ ಬಂದವು. ಅದು ಬೇರೆಯಾಗುವುದು ನಾದದ ಆಯ್ಕೆಯಲ್ಲಿ, ಹಾಡಿನೊಳಗೆ ಉಳಿಸಿದ ಖಾಲಿ ಜಾಗದಲ್ಲಿ, ದನಿಯನ್ನು ಕೇಳುಗರ ಕಿವಿಗೆ ಎಷ್ಟು ಹತ್ತಿರ ತರುತ್ತೇವೆ ಎಂಬುದರಲ್ಲಿ. ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ 2019ರ ಮಾರ್ಚ್‌ನಲ್ಲಿ ಹೊರತಂದ ಮೊದಲ ಆಲ್ಬಂ ಬಹುಪಾಲು ತಯಾರಾದದ್ದು ಲಾಸ್ ಏಂಜಲಿಸ್‌ನ ಅವರ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಆಸ್ಟ್ರೇಲಿಯಾದ ರಸ್ತೆ ದಾಟುವ ಸಿಗ್ನಲ್ಲಿನ ಟಿಕ್‌ಟಿಕ್ ಸದ್ದೂ ದಂತವೈದ್ಯರ ಡ್ರಿಲ್ಲಿನ ಕೊರೆತವೂ ಅದರ ಹಾಡುಗಳೊಳಗೆ ಬೆರೆತಿವೆ. ಅದನ್ನು ಅನುಕರಿಸಹೊರಟವರು ವಿಚಿತ್ರ ಸದ್ದುಗಳನ್ನು ಹುಡುಕುತ್ತಾ ತಿಂಗಳುಗಳನ್ನು ಕಳೆಯುತ್ತಾರೆ. ಆ ಸದ್ದುಗಳನ್ನೆಲ್ಲ ತೆಗೆದು ಬರಿಯ ಪಿಯಾನೊ ಜೊತೆ ಹಾಡಿದರೂ ಆ ಹಾಡುಗಳು ತಮ್ಮ ಕಾಲ ಮೇಲೆ ನಿಲ್ಲುತ್ತವೆ ಎಂಬುದನ್ನು ಮರೆಯುತ್ತಾರೆ.

ಆದುದರಿಂದ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಪ್ರತಿ ಹಾಡನ್ನೂ ಒಂದೇ ವಾದ್ಯದೊಡನೆ, ಆರಂಭದಿಂದ ಕೊನೆಯವರೆಗೆ, ನಿಲ್ಲಿಸದೆ ಹಾಡಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಒಂದು ವಾರ ಅದನ್ನು ಕೇಳಬೇಡಿ. ಎಂಟನೆಯ ದಿನ ಕೇಳುವಾಗ ಎಲ್ಲಿ ನಿಮ್ಮ ಗಮನ ಹಾಡಿನಿಂದ ಜಾರಿತೋ ಆ ಕ್ಷಣದ ಸಮಯವನ್ನು ಬರೆದಿಡಿ. ಬಹಳಷ್ಟು ಸಲ ಅದು ಎರಡನೆಯ ಚರಣದಲ್ಲಿ ಆಗುತ್ತದೆ, ಏಕೆಂದರೆ ಮೊದಲ ಚರಣವನ್ನು ಭಾವ ಬರೆದಿರುತ್ತದೆ, ಎರಡನೆಯದನ್ನು ಪ್ರಾಸ ಬರೆದಿರುತ್ತದೆ. ಈ ದೋಷವನ್ನು ಯಾವ ಸಿಂಥಸೈಜರ್ ಕೂಡ ಮುಚ್ಚಲಾರದು, ಕಾಗದದ ಮೇಲೆ ಮಾತ್ರ ಅದು ಸರಿಹೋಗುತ್ತದೆ.

10 ಹಾಡುಗಳ ಆಲ್ಬಂಗೆ ಕನಿಷ್ಠ 20 ಹಾಡುಗಳನ್ನಾದರೂ ಬರೆದಿರಬೇಕೆಂಬುದು ನನ್ನ ಅನುಭವದ ಲೆಕ್ಕ. ಆರಿಸುವಾಗ ಒಂದು ಉಪಾಯವಿದೆ: ಪ್ರತಿ ಹಾಡು ಏನು ಹೇಳುತ್ತದೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಎರಡು ಚೀಟಿಗಳು ಒಂದೇ ಮಾತನ್ನು ಹೇಳುತ್ತಿದ್ದರೆ ಅವುಗಳಲ್ಲಿ ದುರ್ಬಲವಾದದ್ದು ಹೊರಗೆ ಹೋಗಬೇಕು, ಅದರ ಪಲ್ಲವಿ ಎಷ್ಟೇ ಇಂಪಾಗಿದ್ದರೂ ಸರಿಯೆ. ಹೀಗೆ ಹೊರಗುಳಿದ ಹಾಡುಗಳನ್ನು ಅಳಿಸಬೇಡಿ. ಅವುಗಳ ಉಪಯೋಗವನ್ನು ಕೊನೆಯಲ್ಲಿ ಹೇಳುತ್ತೇನೆ.

ಒಟ್ಟು ಅವಧಿಯನ್ನೂ ಈ ಹಂತದಲ್ಲಿಯೇ ನಿರ್ಧರಿಸುವುದು ಜಾಣತನ. ಆ್ಯಪಲ್ ಮ್ಯೂಸಿಕ್‌ನಂತಹ ಸ್ಟ್ರೀಮಿಂಗ್ ಸೇವೆಗಳಲ್ಲಿ 7 ಅಥವಾ ಹೆಚ್ಚು ಹಾಡುಗಳಿದ್ದರೆ, ಇಲ್ಲವೇ ಒಟ್ಟು 30 ನಿಮಿಷ ಮೀರಿದರೆ ಅದು ಆಲ್ಬಂ ಎನಿಸಿಕೊಳ್ಳುತ್ತದೆ. 4ರಿಂದ 6 ಹಾಡುಗಳಿದ್ದು 30 ನಿಮಿಷದೊಳಗಿದ್ದರೆ ಇಪಿ ಎನಿಸಿಕೊಳ್ಳುತ್ತದೆ. ವಿನೈಲ್ ತರುವ ಆಸೆಯಿದ್ದರೆ ನಿಮಿಷಕ್ಕೆ 33⅓ ಸುತ್ತಿನ ವೇಗದ 12 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 18ರಿಂದ 22 ನಿಮಿಷ ಹಿತವಾಗಿ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚು ತುರುಕಿದರೆ ಗೀರುಗಳು ಒತ್ತೊತ್ತಾಗಿ ಧ್ವನಿಯ ಮಟ್ಟ ಇಳಿಯುತ್ತದೆ. 35ರಿಂದ 40 ನಿಮಿಷದ ಆಲ್ಬಂ ಎರಡು ಲೆಕ್ಕಕ್ಕೂ ಒಪ್ಪುತ್ತದೆ. ನ್ಯೂಜಿಲೆಂಡಿನ ಗಾಯಕಿ ಲಾರ್ಡ್ 2013ರಲ್ಲಿ ತಂದ ಮೊದಲ ಆಲ್ಬಂನಲ್ಲಿ 10 ಹಾಡುಗಳು, ಸುಮಾರು 37 ನಿಮಿಷ. ಅದಕ್ಕೂ ಮುಂಚೆ, 2012ರ ಕೊನೆಯಲ್ಲಿ, ಅವರು ಒಂದು ಪುಟ್ಟ ಇಪಿಯನ್ನು ಸೌಂಡ್‌ಕ್ಲೌಡ್‌ನಲ್ಲಿ ಉಚಿತವಾಗಿ ಬಿಟ್ಟಿದ್ದರು. ಆಲ್ಬಂಗೆ ಮುಂಚೆ ಒಂದು ಇಪಿ ತರುವುದು ನಾನು ಯಾರಿಗಾದರೂ ಕೊಡುವ ಸಲಹೆ, ಏಕೆಂದರೆ ಮುಂದೆ ವಿವರಿಸುವ ಕಾಗದಪತ್ರದ ಕೆಲಸವನ್ನೆಲ್ಲ ಚಿಕ್ಕ ಪ್ರಮಾಣದಲ್ಲಿ ಒಮ್ಮೆ ಮಾಡಿ ಕಲಿಯಲು ಅದು ಅವಕಾಶ ಕೊಡುತ್ತದೆ.

ಹಾಡುಗಳು ಗೊತ್ತಾದ ಮೇಲೆ ಇಡೀ ಆಲ್ಬಂಗೆ ಐದಾರು ನಾದಗಳ ಒಂದು ಬಳಗವನ್ನು ಆರಿಸಿಕೊಳ್ಳಿ. ಒಂದು ಹಳೆಯ ಹಾರ್ಮೋನಿಯಂ, ಬಟ್ಟೆ ಹೊದಿಸಿ ಮಂದಗೊಳಿಸಿದ ಪಿಯಾನೊ, ಒಂದೇ ಒಂದು ಸಬ್‌ಬೇಸ್ (ಅತಿ ಕೆಳಗಿನ ಮಂದ್ರ ನಾದ), ಕೈಚಪ್ಪಾಳೆ, ಟೇಪ್‌ನಂತೆ ಅಲುಗಾಡುವ ಒಂದು ಸಿಂಥ್ ಎಂದು ಬರೆದಿಟ್ಟುಕೊಂಡು, ಹತ್ತು ಹಾಡುಗಳಲ್ಲಿ ಏಳಾದರೂ ಇವುಗಳಿಂದಲೇ ಕಟ್ಟಬೇಕೆಂಬ ನಿಯಮ ಹಾಕಿಕೊಳ್ಳಿ. ಸಾವಿರಾರು ಸಿದ್ಧ ನಾದಗಳು ಒಂದು ಕ್ಲಿಕ್ಕಿನ ದೂರದಲ್ಲಿರುವ ಕಾಲದಲ್ಲಿ ಆಲ್ಬಂಗೆ ಒಂದು ಮುಖ ಬರುವುದು ಈ ನಿರಾಕರಣೆಯಿಂದಲೇ.

ದನಿಯ ಮುದ್ರಣ

ಈ ಬಗೆಯ ಸಂಗೀತದಲ್ಲಿ ದನಿ ಉಳಿದೆಲ್ಲದಕ್ಕಿಂತ ಮುಂದೆ ಇರುತ್ತದೆ, ಹಲವೊಮ್ಮೆ ಪಿಸುಮಾತಿನಷ್ಟು ಸಣ್ಣದಾಗಿ ಹಾಡಿದ್ದರೂ ಸಹ. ಹಾಗಾಗಿ ನಿಮ್ಮ ಸಮಯದ ದೊಡ್ಡ ಪಾಲು ಇಲ್ಲಿಗೆ ಸಲ್ಲಬೇಕು. ಮೊದಲಿಗೆ ಕೋಣೆ. ಮೆತ್ತನೆಯ ಬಟ್ಟೆ, ಹಾಸಿಗೆ, ದಪ್ಪ ಪರದೆಗಳು ಎತ್ತರದ ಕಂಪನಗಳನ್ನು ಹೀರಿಕೊಂಡು ಪ್ರತಿಧ್ವನಿಯನ್ನು ತಗ್ಗಿಸುತ್ತವೆ, ಆದರೆ ಕೆಳಗಿನ ಕಂಪನಗಳ ಮೇಲೆ ಅವುಗಳ ಪ್ರಭಾವ ಇಲ್ಲವೆಂದೇ ಹೇಳಬಹುದು. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 6.9 ಮೀಟರ್, ಅದನ್ನು ಒಂದು ಕಂಬಳಿ ತಡೆಯಲಾರದು. ಮೂಲೆಗಳಲ್ಲಿ ಈ ಕೆಳಗಿನ ನಾದ ಗುಡ್ಡೆಯಾಗುವುದರಿಂದ ಮೂಲೆಯಲ್ಲಿ ನಿಂತು ಹಾಡಬೇಡಿ, ಕೋಣೆಯ ನಟ್ಟನಡುವೆಯೂ ಬೇಡ. ಉದ್ದದ ಮೂರನೆಯ ಒಂದು ಭಾಗದ ಸುಮಾರಿಗೆ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಂತರೆ ಸಾಮಾನ್ಯ ಮನೆಯ ಕೋಣೆಯಲ್ಲಿಯೂ ಒಳ್ಳೆಯ ಮುದ್ರಣ ಸಿಗುತ್ತದೆ. ಬೆನ್ನು ಏಕೆಂದರೆ, ಮೈಕ್ ನಿಮ್ಮ ಮುಖದತ್ತ ತಿರುಗಿರುತ್ತದೆ; ಅದಕ್ಕೆ ಹೆಚ್ಚು ಕೇಳಿಸುವುದು ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಮರಳಿಬರುವ ಸದ್ದು.

ಮೈಕಿನಿಂದ ಬಾಯಿಗೆ 10ರಿಂದ 20 ಸೆಂಟಿಮೀಟರ್ ಅಂತರವಿರಲಿ, ನಡುವೆ ಉಸಿರಿನ ಬಡಿತ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್ ಇರಲಿ. ಒಂದೇ ದಿಕ್ಕಿನ ಸದ್ದನ್ನು ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಹತ್ತಿರವಾದಷ್ಟೂ ದನಿಯ ಮಂದ್ರ ಭಾಗ ಉಬ್ಬುತ್ತದೆ. ಪಿಸುದನಿಯ ಚರಣಕ್ಕೆ ಇದು ಬೆಚ್ಚನೆಯ ಮೈ ಕೊಡುತ್ತದೆಯಾದರೂ ಸಾಲಿನಿಂದ ಸಾಲಿಗೆ ನೀವು ಹಿಂದೆಮುಂದೆ ಸರಿದರೆ ಬಣ್ಣವೂ ಬದಲಾಗುತ್ತಾ ಹೋಗಿ, ಬೇರೆ ಬೇರೆ ಟೇಕ್‌ಗಳಿಂದ (ಒಂದೊಂದು ಸಲದ ಹಾಡಿಕೆಯಿಂದ) ಆಯ್ದ ಸಾಲುಗಳನ್ನು ಜೋಡಿಸುವಾಗ ಹೊಲಿಗೆ ಎದ್ದು ಕಾಣುತ್ತದೆ. ಮುದ್ರಣವನ್ನು 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಇಟ್ಟುಕೊಂಡು, ಅತಿ ಜೋರಾದ ಕ್ಷಣವೂ ಮಾಪಕದಲ್ಲಿ ಸೊನ್ನೆಗಿಂತ 6ರಿಂದ 10 ಡೆಸಿಬಲ್ ಕೆಳಗೆ ನಿಲ್ಲುವಂತೆ ನೋಡಿಕೊಳ್ಳಿ. 24 ಬಿಟ್‌ನಲ್ಲಿ ಮೆಲ್ಲಗೆ ಮುದ್ರಿಸಿದ್ದನ್ನು ಆಮೇಲೆ ಎತ್ತರಿಸಬಹುದು, ಸೊನ್ನೆ ದಾಟಿ ಒಡೆದ ದನಿಯನ್ನು ಮಾತ್ರ ಸರಿಪಡಿಸಲಾಗದು.

ಡೆಮೊ (ಹಾಡಿನ ಕಚ್ಚಾ ಮಾದರಿ) ಮಾಡುವಾಗಲೇ ಈ ಶಿಸ್ತನ್ನು ಪಾಲಿಸಲು ಒಂದು ಕಾರಣವಿದೆ. ಹಾಡು ಹುಟ್ಟಿದ ದಿನ ಹಾಡಿದ ದನಿಯಲ್ಲಿ ಕೆಲವೊಮ್ಮೆ ಒಂದು ಅನುಮಾನ, ಒಂದು ತಡವರಿಕೆ ಇರುತ್ತದೆ. ಹಾಡನ್ನು ನೂರು ಸಲ ಹಾಡಿ ಬಾಯಿಪಾಠವಾದ ಮೇಲೆ ಅದನ್ನು ಮರಳಿ ತರಲು ಯಾರಿಂದಲೂ ಆಗುವುದಿಲ್ಲ. ಡೆಮೊವನ್ನು ಫೋನಿನಲ್ಲಿ ಫ್ಯಾನಿನ ಸದ್ದಿನ ಜೊತೆ ಮುದ್ರಿಸಿಟ್ಟವರು ಆ ಟೇಕನ್ನು ಕಳೆದುಕೊಳ್ಳುತ್ತಾರೆ. ಮೈಕಿನಲ್ಲಿ ಸರಿಯಾಗಿ ಮುದ್ರಿಸಿಟ್ಟವರು ಅದನ್ನೇ ಆಲ್ಬಂಗೆ ಬಳಸಿಕೊಳ್ಳುತ್ತಾರೆ.

ಟೇಕ್‌ಗಳ ಸಂಖ್ಯೆಗೆ ಮಿತಿ ಇರಲಿ. ಒಂದು ಹಾಡಿಗೆ ಪೂರ್ತಿಯಾಗಿ ಐದಾರು ಟೇಕ್, ಆಮೇಲೆ ಕಷ್ಟದ ಸಾಲುಗಳಿಗೆ ಬಿಡಿಯಾಗಿ ಇನ್ನು ಮೂರು ನಾಲ್ಕು. ಅಷ್ಟರಲ್ಲಿ ಸಿಗದಿದ್ದರೆ ಅಂದು ಸಿಗುವುದಿಲ್ಲ. ಆಯ್ಕೆ ಮಾಡುವಾಗ ಶ್ರುತಿ ತುಸು ಅಲುಗಿದರೂ ಅರ್ಥ ಗಟ್ಟಿಯಾಗಿರುವ ಟೇಕನ್ನು ಹಿಡಿಯಿರಿ, ಏಕೆಂದರೆ ಶ್ರುತಿಯನ್ನು ಒಂದಿಷ್ಟು ತಿದ್ದುವ ಸಲಕರಣೆ ಇದೆ, ಭಾವವನ್ನು ತಿದ್ದುವ ಸಲಕರಣೆ ಇಲ್ಲ. ಮುಖ್ಯ ದನಿ ನಿರ್ಧಾರವಾದ ಮೇಲೆ ಪಲ್ಲವಿಯನ್ನು ಇನ್ನೆರಡು ಸಲ ಹೊಸದಾಗಿ ಹಾಡಿ ಎಡಕ್ಕೊಂದು ಬಲಕ್ಕೊಂದು ಇಡಿ. ಒಂದೇ ಟೇಕನ್ನು ನಕಲು ಮಾಡಿ ಇಟ್ಟರೆ ಅಗಲ ಬರುವುದಿಲ್ಲ, ಸದ್ದು ಜೋರಾಗುತ್ತದೆ ಅಷ್ಟೆ. ಎರಡು ಬೇರೆ ಟೇಕ್‌ಗಳ ನಡುವಿನ ಕೂದಲೆಳೆಯ ವ್ಯತ್ಯಾಸವೇ ಅಗಲವಾಗಿ ಕೇಳಿಸುತ್ತದೆ. ಈ ಜೋಡಿದನಿಗಳಲ್ಲಿ ಸ, ಶ, ಟ, ಪ ಮುಂತಾದ ವ್ಯಂಜನಗಳನ್ನು ಮೆತ್ತಗೆ ಉಚ್ಚರಿಸಿ, ಇಲ್ಲದಿದ್ದರೆ ಮೂರು ಬಾಯಿಗಳು ಮೂರು ಕಾಲಕ್ಕೆ ಉಗಿದಂತೆ ಕೇಳಿಸುತ್ತದೆ.

ಉಳಿದ ವಾದ್ಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡ್ರಮ್ಸ್, ತಂತಿವಾದ್ಯಗಳ ಗುಂಪು ಮುಂತಾದವಕ್ಕೆ ದೊಡ್ಡ ಕೋಣೆಯೂ ಹಲವು ಮೈಕುಗಳೂ ಬೇಕಾಗುವುದರಿಂದ ಹಣವಿದ್ದರೆ ಅವಕ್ಕಾಗಿ ಒಂದೆರಡು ದಿನ ಸ್ಟುಡಿಯೊ ಹಿಡಿಯಿರಿ, ಇಲ್ಲವಾದರೆ ಆ ವಾದ್ಯಗಳಿಲ್ಲದೆ ಹಾಡನ್ನು ಕಟ್ಟಿರಿ. ನೈಜ ತಂತಿವಾದ್ಯದ ಪೇಲವ ನಕಲಿಗಿಂತ ನಾಲ್ಕು ಪದರ ಗುನುಗು ಎಷ್ಟೋ ಮೇಲು.

ಪ್ರತಿ ಹಾಡಿನ ಮುದ್ರಣ ಮುಗಿದ ಕೂಡಲೆ ಎಲ್ಲ ಟ್ರ್ಯಾಕ್‌ಗಳನ್ನೂ ಹಾಡಿನ ಮೊದಲ ಕ್ಷಣದಿಂದಲೇ ಆರಂಭವಾಗುವ ಬಿಡಿ ವೇವ್ ಫೈಲ್‌ಗಳಾಗಿ ಉಳಿಸಿ, ಜೊತೆಗೆ ಹಾಡಿನ ವೇಗವನ್ನೂ ಶ್ರುತಿಯನ್ನೂ ಬರೆದಿಡಿ. ಇಂದು ಬಳಸುವ ಪ್ಲಗಿನ್ (ನಾದ ಕೊಡುವ ಅಥವಾ ತಿದ್ದುವ ಪುಟ್ಟ ತಂತ್ರಾಂಶ) ಐದು ವರ್ಷಗಳ ನಂತರ ತೆರೆದುಕೊಳ್ಳದೆ ಹೋಗಬಹುದು, ವೇವ್ ಫೈಲ್ ತೆರೆದುಕೊಳ್ಳುತ್ತದೆ. ಇವುಗಳ ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆಯೇ ಸ್ಥಳದಲ್ಲಿರಲಿ.

ಮಿಕ್ಸಿಂಗ್ ಮತ್ತು ಮಾಸ್ಟರಿಂಗ್

ಮಿಕ್ಸಿಂಗ್ ತಿದ್ದಲು ಬರುವ ಕೆಲಸ. ಆದುದರಿಂದಲೇ ಅದು ಮುಗಿಯದ ಕೆಲಸ. ನೀವೇ ಬರೆದು, ನೀವೇ ಹಾಡಿ, ನೀವೇ ಮುದ್ರಿಸಿದ ಹಾಡನ್ನು ಸಾಧ್ಯವಾದರೆ ಬೇರೊಬ್ಬರ ಕಿವಿಗೆ ಒಪ್ಪಿಸಿರಿ. ಡೆಮೊವನ್ನು ನೂರಾರು ಸಲ ಕೇಳಿದ ಕಿವಿಗೆ ಡೆಮೊದ ದೋಷಗಳೂ ಹಾಡಿನ ಭಾಗವೆಂದೇ ತೋರತೊಡಗುತ್ತವೆ. ಒಪ್ಪಿಸುವಾಗ ನಿಮ್ಮ ಒರಟು ಮಿಕ್ಸನ್ನೂ ಜೊತೆಗೆ ಕೊಟ್ಟು, ಬದಲಾಗಬಾರದ ಮೂರು ಸಂಗತಿಗಳನ್ನು ಮಾತ್ರ ಬರೆದುಕೊಡಿ. ಮೂವತ್ತು ಸಂಗತಿಗಳನ್ನು ಬರೆದುಕೊಟ್ಟರೆ ನೀವು ಮಿಕ್ಸ್ ಮಾಡುವವರನ್ನಲ್ಲ, ನಿಮ್ಮ ಮೌಸ್ ಹಿಡಿಯುವವರನ್ನು ನೇಮಿಸಿದಂತೆ.

ನೀವೇ ಮಾಡುವುದಾದರೆ ದನಿಯಿಂದ ಆರಂಭಿಸಿ, ಒಂದೊಂದಾಗಿ ಇತರ ನಾದಗಳನ್ನು ಸೇರಿಸಿ, ಯಾವುದು ಬಂದಾಗ ಮಾತು ಮುಚ್ಚಿಹೋಯಿತೋ ಅದನ್ನು ತಗ್ಗಿಸಿ ಅಥವಾ ತೆಗೆದುಹಾಕಿ. ಆಲ್ಟರ್ನೇಟಿವ್ ಪಾಪ್‌ಗೆ ವಿಶೇಷವಾದ ತೊಡಕೆಂದರೆ ಸಬ್‌ಬೇಸ್. 40 ಅಥವಾ 50 ಹರ್ಟ್ಜ್‌ನಲ್ಲಿ ಗುಡುಗುವ ನಾದ ಹೆಡ್‌ಫೋನಿನಲ್ಲಿ ಎದೆ ನಡುಗಿಸಿದರೂ ಫೋನಿನ ಪುಟ್ಟ ಸ್ಪೀಕರಿಗೆ ಅದು ಇಲ್ಲವೇ ಇಲ್ಲ. ಹಾಡಿನ ಅಡಿಪಾಯವೇ ಕಾಣೆಯಾಗುತ್ತದೆ. ಇದಕ್ಕೆ ಪರಿಹಾರ, ಬೇಸ್‌ಗೆ ಹದವಾಗಿ ಸ್ಯಾಚುರೇಶನ್ (ನಾದವನ್ನು ತುಸು ಒರಟಾಗಿಸುವ ಸಂಸ್ಕರಣೆ) ಸೇರಿಸಿ ಅದರ ಮೇಲಿನ ಉಪಸ್ವರಗಳನ್ನು 100ರಿಂದ 300 ಹರ್ಟ್ಜ್ ನಡುವೆ ಎಬ್ಬಿಸುವುದು. ಈ ಮೇಲಿನ ಸ್ವರಗಳಷ್ಟೇ ಕೇಳಿಸಿದರೂ ಮೂಲಸ್ವರವನ್ನು ಮಿದುಳು ತಾನಾಗಿ ಊಹಿಸಿಕೊಳ್ಳುತ್ತದೆ. ದನಿ ಮತ್ತು ಗಿಟಾರಿನಂತಹ ಟ್ರ್ಯಾಕ್‌ಗಳಿಂದ 80 ಹರ್ಟ್ಜ್‌ಗಿಂತ ಕೆಳಗಿನ ಗದ್ದಲವನ್ನು ಕತ್ತರಿಸಿದರೆ ಬೇಸ್‌ಗೆ ಸಿಗುವ ಜಾಗವೂ ಹೆಚ್ಚುತ್ತದೆ.

ದಿನಕ್ಕೊಮ್ಮೆ ಮಿಕ್ಸನ್ನು ಮಾತಿನ ದನಿಗಿಂತ ಕಡಿಮೆ ಮಟ್ಟದಲ್ಲಿ ಕೇಳಿ, ಒಮ್ಮೆ ಎಡಬಲಗಳನ್ನು ಒಂದಾಗಿಸಿ ಮೊನೊದಲ್ಲಿ ಕೇಳಿ, ಒಮ್ಮೆ ಪಕ್ಕದ ಕೋಣೆಯಿಂದ ಕೇಳಿ. ಮೆಲ್ಲಗಿಟ್ಟಾಗಲೂ ಸಾಹಿತ್ಯ ಅರ್ಥವಾಗುತ್ತಿದ್ದರೆ, ಮೊನೊದಲ್ಲಿ ಜೋಡಿದನಿಗಳು ಮಾಯವಾಗದಿದ್ದರೆ ಅಂದಿಗೆ ಸಾಕು. ನಾನು ಪಾಲಿಸುವ ನಿಯಮವಿದು: ಒಂದು ಹಾಡಿಗೆ ಐದು ಆವೃತ್ತಿಗಳಿಗಿಂತ ಹೆಚ್ಚು ಮಿಕ್ಸ್ ಮಾಡುವುದಿಲ್ಲ. ಆರನೆಯದು ಬೇಕೆನಿಸಿದರೆ ತೊಂದರೆ ಮಿಕ್ಸಿನಲ್ಲಿಲ್ಲ, ವಾದ್ಯಸಂಯೋಜನೆಯಲ್ಲೋ ಹಾಡಿನಲ್ಲೋ ಇದೆ.

ಮಾಸ್ಟರಿಂಗ್‌ಗೆ, ಅಂದರೆ ಮುಗಿದ ಮಿಕ್ಸನ್ನು ಬಿಡುಗಡೆಗೆ ಅಣಿಗೊಳಿಸುವ ಕೊನೆಯ ಹಂತಕ್ಕೆ, ಕಳುಹಿಸುವಾಗ ಎಲ್ಲ ಟ್ರ್ಯಾಕ್‌ಗಳೂ ಒಂದಾಗುವ ಕೊನೆಯ ಚಾನೆಲಿನ ಮೇಲಿನ ಲಿಮಿಟರನ್ನು (ಜೋರನ್ನು ಒಂದು ಮಿತಿಯಲ್ಲಿ ತಡೆಯುವ ಸಲಕರಣೆಯನ್ನು) ತೆಗೆದು, 24 ಬಿಟ್ ಅಥವಾ 32 ಬಿಟ್ ಫ್ಲೋಟ್ ವೇವ್ ಫೈಲ್ ಕೊಡಿ. ಜೋರಿನ ಕುರಿತು ಹರಡಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಮಟ್ಟಕ್ಕೂ ಆ್ಯಪಲ್ ಮ್ಯೂಸಿಕ್ ಮೈನಸ್ 16ರ ಮಟ್ಟಕ್ಕೂ ಸರಿತೂಗಿಸಿ ನುಡಿಸುತ್ತವೆ. ಇದರರ್ಥ ನಿಮ್ಮ ಮಾಸ್ಟರ್ ಕರಾರುವಾಕ್ಕಾಗಿ ಆ ಅಂಕಿಯಲ್ಲೇ ಇರಬೇಕೆಂದಲ್ಲ. ಅತಿಯಾಗಿ ಹಿಸುಕಿ ಜೋರು ಮಾಡಿದ ಹಾಡನ್ನು ಸೇವೆಯೇ ಮತ್ತೆ ತಗ್ಗಿಸುವುದರಿಂದ ಹಿಸುಕಿದ ಶ್ರಮಕ್ಕೆ ಫಲವಿಲ್ಲವೆಂದಷ್ಟೆ. ಹಾಡಿಗೆ ಒಪ್ಪುವ ಜೋರಿನಲ್ಲಿ ನಿಲ್ಲಿಸಿ, ಟ್ರೂ ಪೀಕ್ (ಸದ್ದಿನ ಅಲೆಯ ನಿಜವಾದ ತುತ್ತತುದಿ) ಮೈನಸ್ 1 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಆಲ್ಬಂ ಅನ್ನು ಕ್ರಮವಾಗಿ ಕೇಳುವಾಗ ಸ್ಪಾಟಿಫೈ ಇಡೀ ಆಲ್ಬಂಗೆ ಒಂದೇ ಹೊಂದಾಣಿಕೆ ಮಾಡುವುದರಿಂದ ಮೆಲುದನಿಯ ಹಾಡು ಮೆಲ್ಲಗೆಯೇ ಉಳಿಯುತ್ತದೆ. ಹತ್ತು ಹಾಡುಗಳನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಯಂತೆ ಮಾಡುವ ಅಗತ್ಯವಿಲ್ಲ.

ಹಾಡುಗಳ ಅನುಕ್ರಮ ಮಾಸ್ಟರಿಂಗ್‌ಗೆ ಮುಂಚೆ ಸ್ಥಿರವಾಗಿರಬೇಕು, ಏಕೆಂದರೆ ಒಂದು ಹಾಡು ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಮೌನದ ಅಳತೆಯೂ ಅಲ್ಲೇ ನಿಶ್ಚಯವಾಗುತ್ತದೆ. ವಿನೈಲ್‌ನಲ್ಲಿ ಒಳಗಿನ ಗೀರುಗಳಿಗೆ ಹೋದಂತೆ ಸೂಜಿ ಸುತ್ತಿಗೊಂದರಂತೆ ಕ್ರಮಿಸುವ ದೂರ ಕಡಿಮೆಯಾಗಿ ಎತ್ತರದ ಸ್ವರಗಳು ಒರಟಾಗುತ್ತವೆ. ಆದ್ದರಿಂದ ಪ್ರತಿ ಮಗ್ಗುಲಿನ ಕೊನೆಗೆ ಅಬ್ಬರದ ಹಾಡಿಗಿಂತ ಶಾಂತವಾದುದನ್ನು ಇಡುವ ರೂಢಿಯಿದೆ. ಜೊತೆಗೆ ವಿನೈಲ್‌ಗಾಗಿ ಕೆಳಗಿನ ಬೇಸ್ ಎರಡೂ ಕಿವಿಗೆ ಸಮನಾಗಿ, ನಡುವಿನಲ್ಲಿರಬೇಕು, ಸಕಾರಗಳು ಹದದಲ್ಲಿರಬೇಕು. ಬೇರೆಯದೇ ಮಾಸ್ಟರ್ ಮಾಡಿಸುವುದು ಒಳ್ಳೆಯದು. ಇದೇ ಸಮಯದಲ್ಲಿ ಪ್ರತಿ ಹಾಡಿನ ದನಿರಹಿತ ಆವೃತ್ತಿಯನ್ನೂ ಮಾಸ್ಟರ್ ಮಾಡಿಸಿಡಿ. ಮುಂದೆ ಯಾರಾದರೂ ಚಲನಚಿತ್ರಕ್ಕೋ ಜಾಹೀರಾತಿಗೋ ಕೇಳಿದಾಗ ಸಾಮಾನ್ಯವಾಗಿ ಕೇಳುವುದು ಅದನ್ನೇ.

ಪಾಲು, ಹಕ್ಕು, ಸಂಖ್ಯೆಗಳು

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ: ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಒಂದು, ಆ ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಇನ್ನೊಂದು. ಎರಡಕ್ಕೂ ಯಾರ್ಯಾರು ಒಡೆಯರು, ಎಷ್ಟೆಷ್ಟು ಶೇಕಡ ಎಂಬುದನ್ನು ಹಾಡು ಬರೆದು ಮುಗಿದ ವಾರದಲ್ಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಗೆಳೆತನದ ಕಾರಣಕ್ಕೆ ಇದನ್ನು ಮುಂದೂಡುವವರೇ ಹೆಚ್ಚು. ನಾನು ಕೆಲಸ ಮಾಡಿದ ಒಂದು ಆಲ್ಬಂ ಮಾಸ್ಟರ್ ಆಗಿ ಸಿದ್ಧವಾದ ಮೇಲೂ ಏಳು ತಿಂಗಳು ಪೆಟ್ಟಿಗೆಯಲ್ಲಿ ಕುಳಿತಿತ್ತು. ಒಂದು ಮಧ್ಯಾಹ್ನ ಬಂದು ಗಿಟಾರ್ ನುಡಿಸಿ ಹೋಗಿದ್ದ ಗೆಳೆಯನೊಬ್ಬ ಪಲ್ಲವಿಯ ರಾಗ ತನ್ನದೆಂದು ನಂಬಿದ್ದ, ಕಲಾವಿದೆ ಅದು ತನ್ನದೆಂದು ನಂಬಿದ್ದರು, ಇಬ್ಬರೂ ಪ್ರಾಮಾಣಿಕರೇ ಆಗಿದ್ದರು. ಅಂದು ಸಂಜೆಯೇ ನಾಲ್ಕು ಸಾಲು ಬರೆಸಿಕೊಳ್ಳದೆ ಇದ್ದದ್ದು ನನ್ನ ತಪ್ಪೂ ಹೌದು.

ಬೇರೆಯವರ ಮುದ್ರಣದ ತುಣುಕನ್ನು ಸ್ಯಾಂಪಲ್ ಮಾಡಿದ್ದರೆ ಎರಡು ಅನುಮತಿ ಬೇಕು, ಸಂಯೋಜನೆಯ ಒಡೆಯರಿಂದ ಒಂದು, ಧ್ವನಿಮುದ್ರಣದ ಒಡೆಯರಿಂದ ಇನ್ನೊಂದು. ತುಣುಕು ಇಷ್ಟು ಸೆಕೆಂಡಿಗಿಂತ ಚಿಕ್ಕದಾಗಿದ್ದರೆ ಅನುಮತಿ ಬೇಡ ಎಂಬ ಮಾತು ಬರಿಯ ಗಾಳಿಮಾತು. ಅಂತರ್ಜಾಲದಲ್ಲಿ ಕೊಂಡ ಬೀಟ್ (ಹಾಡಲು ಸಿದ್ಧವಾದ ವಾದ್ಯಸಂಗೀತ) ಬಳಸಿದ್ದರೆ ಅದರ ಪರವಾನಗಿ ಎಷ್ಟು ಸ್ಟ್ರೀಮ್‌ಗಳವರೆಗೆ, ನಿಮ್ಮೊಬ್ಬರಿಗೇ ಸೀಮಿತವೋ ಅಲ್ಲವೋ ಎಂಬುದನ್ನು ಓದಿ ತಿಳಿಯಿರಿ. ಅದೇ ಬೀಟ್ ಮೇಲೆ ಇನ್ನೊಬ್ಬರು ಹಾಡಿದ ಹಾಡು ನಿಮ್ಮದಕ್ಕಿಂತ ಮುಂಚೆ ಬಂದಿದ್ದರೆ ಸೇವೆಗಳ ಯಾಂತ್ರಿಕ ತಪಾಸಣೆ ನಿಮ್ಮದನ್ನೇ ನಕಲೆಂದು ತಡೆಯಬಹುದು.

ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕೆಗಳ ಗುರುತು, ಇಡೀ ಆಲ್ಬಂಗೆ ಯುಪಿಸಿ ಅಥವಾ ಇಎಎನ್ ಎಂಬ ಬಾರ್‌ಕೋಡ್ ಸಂಖ್ಯೆ ಇರುತ್ತದೆ; ಎರಡನ್ನೂ ಡಿಸ್ಟ್ರಿಬ್ಯೂಟರ್‌ಗಳು (ಹಾಡುಗಳನ್ನು ಸೇವೆಗಳಿಗೆ ತಲುಪಿಸುವ ಕಂಪನಿಗಳು) ಸಾಮಾನ್ಯವಾಗಿ ತಾವೇ ಕೊಡುತ್ತಾರೆ. ಇಲ್ಲಿ ನೆನಪಿಡಬೇಕಾದುದು ಒಂದೇ: ಅದೇ ಮುದ್ರಣ ಮೊದಲು ಸಿಂಗಲ್ (ಬಿಡಿ ಹಾಡು) ಆಗಿ ಬಂದು ಆಮೇಲೆ ಆಲ್ಬಂನೊಳಗೆ ಸೇರಿದರೆ ಅದೇ ಐಎಸ್‌ಆರ್‌ಸಿ ಮುಂದುವರಿಯಬೇಕು, ರೀಮಿಕ್ಸ್ ಅಥವಾ ಬೇರೆ ಟೇಕ್ ಆದರೆ ಹೊಸದು ಬೇಕು. ಹಳೆಯ ಸಂಖ್ಯೆ ಕೊಡಲು ಮರೆತರೆ ಸಿಂಗಲ್‌ಗೆ ಬಂದಿದ್ದ ಕೇಳುಗರ ಲೆಕ್ಕ ಆಲ್ಬಂಗೆ ಸೇರದೆ ಸೊನ್ನೆಯಿಂದ ಆರಂಭವಾಗುತ್ತದೆ. ಸಂಯೋಜನೆಗಳನ್ನು ರಾಯಧನ ಸಂಗ್ರಹಿಸುವ ಸಂಘದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಅದನ್ನು ಡಿಸ್ಟ್ರಿಬ್ಯೂಟರ್ ತಾನಾಗಿ ಮಾಡುವುದಿಲ್ಲ.

ಕಲಾವಿದರ ಹೆಸರನ್ನು ಈಗಲೇ ಎಲ್ಲ ಸೇವೆಗಳಲ್ಲೂ ಹುಡುಕಿ ನೋಡಿ. ಅದೇ ಹೆಸರಿನ ಇನ್ನೊಬ್ಬರಿದ್ದರೆ ನಿಮ್ಮ ಹಾಡುಗಳು ಅವರ ಪುಟದಲ್ಲಿ ಬಿದ್ದು, ಬೇರ್ಪಡಿಸಲು ವಾರಗಳು ಹಿಡಿಯುತ್ತವೆ. ಹೆಸರನ್ನು ಒಂದೇ ಕಾಗುಣಿತದಲ್ಲಿ ಎಲ್ಲೆಡೆ ಬರೆಯಿರಿ.

ಬಿಡುಗಡೆಯ ವೇಳಾಪಟ್ಟಿ

ಮುಖಪುಟಕ್ಕೆ 3000 ಗುಣಿಸು 3000 ಪಿಕ್ಸೆಲ್‌ನ ಚೌಕ ಚಿತ್ರ ಸಾಕು. ಅದರ ಮೇಲೆ ಜಾಲತಾಣದ ವಿಳಾಸ, ಬೆಲೆ, ಸೇವೆಗಳ ಲಾಂಛನ ಇದ್ದರೆ ತಿರಸ್ಕೃತವಾಗುತ್ತದೆ. ಫೋನಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ಕಂಡಾಗಲೂ ಗುರುತು ಸಿಗುತ್ತದೆಯೇ ಎಂದು ನೋಡಿಕೊಂಡರೆ ಆಯಿತು.

ವಿನೈಲ್ ಇದ್ದರೆ ವೇಳಾಪಟ್ಟಿ ಅದರಿಂದಲೇ ಶುರುವಾಗಬೇಕು, ಏಕೆಂದರೆ ಮಾಸ್ಟರ್ ಕೊಟ್ಟ ಮೇಲೆ ತಟ್ಟೆಗಳು ಕೈಗೆ ಬರಲು ಹಲವು ತಿಂಗಳುಗಳು ಬೇಕಾಗುತ್ತವೆ. ಕಾರ್ಖಾನೆ ಕಳುಹಿಸುವ ಪರೀಕ್ಷಾ ತಟ್ಟೆಯನ್ನು ಎರಡು ಬೇರೆ ಪ್ಲೇಯರ್‌ಗಳಲ್ಲಿ, ಎರಡೂ ಮಗ್ಗುಲು, ಪೂರ್ತಿಯಾಗಿ ಕೇಳದೆ ಒಪ್ಪಿಗೆ ಕೊಡಬೇಡಿ. ಎಲ್ಲ ಪ್ರತಿಗಳಲ್ಲೂ ಒಂದೇ ಜಾಗದಲ್ಲಿ ಕೇಳಿಸುವ ಚಟಪಟ ಅಚ್ಚಿನ ದೋಷ, ಅದನ್ನು ತಡೆಯುವ ಕೊನೆಯ ಅವಕಾಶ ಅದೊಂದೇ.

ಡಿಜಿಟಲ್ ಬಿಡುಗಡೆಗೆ ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿಯಂತಹ ಡಿಸ್ಟ್ರಿಬ್ಯೂಟರ್‌ಗಳಿದ್ದಾರೆ. ಕೆಲವರು ವರ್ಷಕ್ಕಿಷ್ಟು ಶುಲ್ಕ ಕೇಳುತ್ತಾರೆ, ಕೆಲವರು ಒಮ್ಮೆ ಹಣ ಪಡೆದು ಆದಾಯದಲ್ಲಿ ಪಾಲು ಹಿಡಿಯುತ್ತಾರೆ. ಆರಿಸುವಾಗ ಕೇಳಬೇಕಾದ ಪ್ರಶ್ನೆ, ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ಹಾಡುಗಳು ಸೇವೆಗಳಿಂದ ಇಳಿದುಹೋಗುತ್ತವೆಯೇ ಎಂಬುದು. ಆಲ್ಬಂ ಅನ್ನು ಬಿಡುಗಡೆಗೆ ಕನಿಷ್ಠ ನಾಲ್ಕು ವಾರ ಮುಂಚೆ ಏರಿಸಿ. ಹಾಡಿನ ಪಟ್ಟಿಗಳನ್ನು ಕಟ್ಟುವ ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಪರಿಚಯಿಸಲು ಅದು ಇನ್ನೂ ಬಿಡುಗಡೆಯಾಗಿರಬಾರದು, ಕನಿಷ್ಠ 7 ದಿನ ಉಳಿದಿರಬೇಕು, ಒಮ್ಮೆಗೆ ಒಂದೇ ಹಾಡನ್ನು ಸೂಚಿಸಬಹುದು. 2015ರ ಜುಲೈ 10ರಿಂದ ಜಗತ್ತಿನ ಹೆಚ್ಚಿನ ಕಡೆ ಹೊಸ ಸಂಗೀತ ಶುಕ್ರವಾರ ಬರುವ ಪದ್ಧತಿ ನೆಲೆಯಾಗಿದೆ. ಹೊಸ ಕಲಾವಿದರಿಗೆ ಶುಕ್ರವಾರದ ಜನಜಂಗುಳಿಯಿಂದ ತಪ್ಪಿಸಿಕೊಳ್ಳುವ ಆಸೆ ಬರುವುದು ಸಹಜವಾದರೂ, ಹೊಸ ಹಾಡುಗಳ ಪಟ್ಟಿಗಳು ಆ ದಿನವೇ ಬದಲಾಗುವುದರಿಂದ ನಾನು ಅದಕ್ಕೇ ಅಂಟಿಕೊಳ್ಳುತ್ತೇನೆ.

ಆಲ್ಬಂಗೆ ಮುಂಚೆ ಆರು ವಾರಕ್ಕೊಂದರಂತೆ ಮೂರು ಸಿಂಗಲ್‌ಗಳು ಸಾಕು. ಅತ್ಯುತ್ತಮವಾದುದನ್ನು ಮೊದಲನೆಯದಾಗಿ ಬಿಡಬೇಡಿ, ಏಕೆಂದರೆ ಅದನ್ನು ಕೇಳಲು ಇನ್ನೂ ಯಾರೂ ಸೇರಿರುವುದಿಲ್ಲ, ಎರಡನೆಯದಾಗಿ ಬಿಡಿ. ಮೊದಲನೆಯದು ನಿಮ್ಮ ನಾದ ಯಾವ ಬಗೆಯದೆಂದು ಹೇಳುವ ಹಾಡಾಗಿರಲಿ, ಮೂರನೆಯದು ಆಲ್ಬಂನ ಇನ್ನೊಂದು ಮುಖವನ್ನು ತೋರಿಸಲಿ. ಸ್ಟ್ರೀಮಿಂಗ್ ಹಣದ ಬಗ್ಗೆ ಭ್ರಮೆ ಬೇಡ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರಷ್ಟೇ ಒಂದು ಸ್ಟ್ರೀಮ್ ಎಣಿಕೆಯಾಗುತ್ತದೆ, 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಮುದ್ರಣಕ್ಕೆ ಅಲ್ಲಿ ಹಣವಿಲ್ಲ. ಕಲಾವಿದರು ಅಭಿಮಾನಿಗಳಿಗೆ ನೇರವಾಗಿ ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಡಿಜಿಟಲ್ ಮಾರಾಟಕ್ಕೆ ಸಾಮಾನ್ಯವಾಗಿ ಶೇ. 15, ತಟ್ಟೆ-ಅಂಗಿಗಳಂತಹ ವಸ್ತುಗಳಿಗೆ ಶೇ. 10 ಕಡಿತವಿದ್ದು, ಪಾವತಿ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಸಲ್ಲುತ್ತದೆ. ನೂರು ಜನ ನಿಜವಾದ ಅಭಿಮಾನಿಗಳಿರುವ ಹೊಸಬರಿಗೆ ಇದು ಹೆಚ್ಚು ಗಿಟ್ಟುವ ದಾರಿ.

ಬಿಡುಗಡೆಯ ದಿನ ಬೆಳಿಗ್ಗೆ ಅಭಿನಂದನೆಗಳನ್ನು ಓದುವ ಮೊದಲು ಪ್ರತಿ ಸೇವೆಯಲ್ಲೂ ಆಲ್ಬಂ ಅನ್ನು ತೆರೆದು ಹಾಡುಗಳ ಕ್ರಮ, ಹೆಸರುಗಳ ಕಾಗುಣಿತ, ಸಾಹಿತ್ಯ, ಜೊತೆಗಾರರ ಹೆಸರು ಸರಿಯಾಗಿವೆಯೇ ಎಂದು ಪರಿಶೀಲಿಸಿ. ಒಂದು ಸೇವೆಯಲ್ಲಾದರೂ ಮೊದಲಿನಿಂದ ಕೊನೆಯವರೆಗೆ ಕೇಳಿ. ಒಂದರೊಳಗೊಂದು ಬೆಸೆದ ಹಾಡುಗಳ ನಡುವೆ ಬೇಡದ ಬಿರುಕು ಬಂದಿದ್ದರೆ ಅಂದೇ ತಿಳಿಯಬೇಕು. ಆ ವಾರದ ಅಂಕಿಗಳಲ್ಲಿ ಒಟ್ಟು ಸ್ಟ್ರೀಮ್‌ಗಿಂತ ಹಾಡನ್ನು ತಮ್ಮ ಸಂಗ್ರಹದಲ್ಲಿ ಉಳಿಸಿಕೊಂಡವರ ಸಂಖ್ಯೆಯನ್ನು ಗಮನಿಸಿ, ಏಕೆಂದರೆ ಯಾವುದೋ ಪಟ್ಟಿಯಲ್ಲಿ ತಾನಾಗಿ ಹರಿದುಹೋದ ಹಾಡಿಗೂ ಸ್ಟ್ರೀಮ್ ಸಿಗುತ್ತದೆ.

ಹೊರಗುಳಿದ ಹಾಡುಗಳಿಗೆ ಬರುವುದು ಈಗ. ಬಿಡುಗಡೆಯಾಗಿ ಐದಾರು ತಿಂಗಳಾದ ಮೇಲೆ ಅವುಗಳಲ್ಲಿ ಎರಡನ್ನು ಹೊಸದಾಗಿ ಕೇಳಿ. ಅಷ್ಟರಲ್ಲಿ ವೇದಿಕೆಯ ಮೇಲೆ ಹಾಡಿ ಹಾಡಿ ನಿಮ್ಮ ದನಿ ಬದಲಾಗಿರುತ್ತದೆ, ಅವು ಆಲ್ಬಂಗೆ ಏಕೆ ಒಗ್ಗಲಿಲ್ಲವೆಂಬುದೂ ಗೊತ್ತಾಗಿರುತ್ತದೆ. ಇನ್ನೂ ಜೀವವಿದ್ದರೆ ವಿಸ್ತೃತ ಆವೃತ್ತಿಯಾಗಿ ಹೊಸ ಯುಪಿಸಿಯೊಡನೆ, ಹಳೆಯ ಹತ್ತು ಹಾಡುಗಳಿಗೆ ಹಳೆಯ ಐಎಸ್‌ಆರ್‌ಸಿಗಳನ್ನೇ ಇಟ್ಟು, ಹೊಸ ಎರಡಕ್ಕೆ ಮಾತ್ರ ಹೊಸ ಸಂಖ್ಯೆ ಪಡೆದು ಹೊರತನ್ನಿ.